ಜಿಐಎಸ್ ಓದಲು ಯಾವ ದಾರಿ: ಎಂ.ಎಸ್ಸಿ, ಎಂ.ಟೆಕ್, ಡಿಪ್ಲೊಮಾ, ಇಲ್ಲಾ ನೇರ ಕೋಡಿಂಗ್?

ದಿಶಾಂಕ್ ಆ್ಯಪ್ ತೆರೆದು ಹೊಲದ ಬದುವಿನ ಮೇಲೆ ನಿಂತರೆ, ನಿಂತ ಜಾಗದ ಸರ್ವೇ ನಂಬರ್ ಯಾವುದು ಅಂತ ಫೋನಿನಲ್ಲಿ ಕಾಣುತ್ತದೆ. ಇದರ ಹಿಂದೆ ಇರುವುದು ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ. ಹಳೆಯ ಗ್ರಾಮ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಅದರ ಗೆರೆಗಳನ್ನು ಕಂಪ್ಯೂಟರಿಗೆ ಇಳಿಸಿ, ಭೂಮಿಯ ಮೇಲಿನ ಅದರದ್ದೇ ಜಾಗಕ್ಕೆ ಕೂರಿಸಿ, ಪಹಣಿ ಮಾಹಿತಿಯನ್ನು ಜೋಡಿಸಿದ ಕೆಲಸ ಅದು. ಊಟ ತರುವ ಹುಡುಗ ಈಗ ಯಾವ ತಿರುವಿನಲ್ಲಿದ್ದಾನೆ ಅಂತ ತೋರಿಸುವುದೂ, ಯಾವ ತಾಲ್ಲೂಕಿನಲ್ಲಿ ಬೆಳೆ ಒಣಗುತ್ತಿದೆ ಅಂತ ಹೇಳುವುದೂ ಇದೇ ವಿದ್ಯೆಯ ಬೇರೆ ಬೇರೆ ಮುಖಗಳು.

ಇದನ್ನು ಓದಬೇಕು ಅಂತ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ‘ಯಾವ ಕಾಲೇಜು ಒಳ್ಳೆಯದು?’ ಅಂತ. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಅನ್ನುತ್ತೇನೆ ನಾನು. ಕೆಲಸಕ್ಕೆ ಸೇರಿಸಿಕೊಳ್ಳುವವರು ಬರೀ ಜಿಐಎಸ್ ನೋಡುವುದಿಲ್ಲ. ಜಿಐಎಸ್ ಜೊತೆಗೆ ಇನ್ನೇನು ಗೊತ್ತು ಅಂತ ನೋಡುತ್ತಾರೆ. ನೀರು ಗೊತ್ತಾ, ಮಣ್ಣು ಗೊತ್ತಾ, ಊರು ಕಟ್ಟುವುದು ಗೊತ್ತಾ, ಕೋಡ್ ಬರೆಯೋಕೆ ಬರುತ್ತಾ? ಆ ‘ಇನ್ನೇನು’ ಯಾವುದು ಎಂದು ತೀರ್ಮಾನವಾದರೆ ಕೋರ್ಸು ಯಾವುದು ಎಂಬುದು ಅರ್ಧ ತೀರ್ಮಾನವಾದ ಹಾಗೆ.

ದಿನದ ಕೆಲಸ ಹೇಗಿರುತ್ತದೆ?

ಡಿಗ್ರಿ ಮುಗಿಸಿದ ತಕ್ಷಣ ಜಾಸ್ತಿ ಜನರಿಗೆ ಸಿಗುವುದು ನಕ್ಷೆ ದತ್ತಾಂಶ ತಯಾರಿಸುವ ಕೆಲಸ. ಪರದೆಯ ಮೇಲೆ ಉಪಗ್ರಹ ಚಿತ್ರ ಇರುತ್ತದೆ. ಅದರ ಮೇಲೆ ರಸ್ತೆ, ಕಟ್ಟಡ, ಕೆರೆಯ ಅಂಚು ಎಲ್ಲವನ್ನೂ ಎಳೆಯುತ್ತ ಹೋಗಬೇಕು. ಡಿಜಿಟೈಸ್ ಮಾಡುವುದು ಅಂತಾರೆ. ದಿನಕ್ಕೆ ಇಷ್ಟು ಅಂತ ಟಾರ್ಗೆಟ್ ಇರುತ್ತದೆ. ಹೈದರಾಬಾದ್, ಪುಣೆ, ನೊಯ್ಡಾ, ಬೆಂಗಳೂರಿನ ದೊಡ್ಡ ದೊಡ್ಡ ಕಚೇರಿಗಳಲ್ಲಿ ಈ ಕೆಲಸ ನಡೆಯುತ್ತದೆ. ಶುರು ಮಾಡಲು ತಪ್ಪಿಲ್ಲ, ಕಣ್ಣು ಪಳಗುತ್ತದೆ. ಆದರೆ ಇಲ್ಲೇ ಐದಾರು ವರ್ಷ ಕೂತರೆ ಕಷ್ಟ. ಮೈಕ್ರೋಸಾಫ್ಟ್ ಮತ್ತು ಗೂಗಲ್ ಎರಡೂ ಯಂತ್ರದಿಂದಲೇ ತೆಗೆಸಿದ ಕೋಟಿಗಟ್ಟಲೆ ಕಟ್ಟಡಗಳ ಗೆರೆಗಳನ್ನು ಉಚಿತವಾಗಿ ಬಿಟ್ಟಿವೆ. ಕೈಯಿಂದ ಗೆರೆ ಎಳೆಯುವವರ ಬೇಡಿಕೆ ಇಳಿಯುತ್ತಿದೆ. ಆ ಗೆರೆ ಸರಿಯಿದೆಯೇ ಅಂತ ಪರೀಕ್ಷಿಸುವವರು, ಪರೀಕ್ಷೆಯನ್ನೇ ಸ್ಕ್ರಿಪ್ಟ್ ಬರೆದು ಮಾಡಿಸುವವರು ಮಾತ್ರ ಬೇಕೇ ಬೇಕು. ಸೇರಿದರೆ ಆ ಕಡೆ ಬೇಗ ಸರಿದುಕೊಳ್ಳಿ.

ಎರಡನೆಯದು ಬಯಲಿನ ಕೆಲಸ. ಡಿಜಿಪಿಎಸ್, ರೋವರ್ (ಜಾಗವನ್ನು ನಿಖರವಾಗಿ ಗುರುತಿಸುವ ಜಿಪಿಎಸ್ ಉಪಕರಣಗಳು), ಡ್ರೋನ್ ಹಿಡಿದು ಬಿಸಿಲಲ್ಲಿ ತಿರುಗುವುದು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಸರ್ವೇ ಆಫ್ ಇಂಡಿಯಾ ಡ್ರೋನ್ ಹಾರಿಸಿ ಹಳ್ಳಿಗಳ ವಾಸದ ಜಾಗಗಳನ್ನು ಅಳೆಯತೊಡಗಿದ ಮೇಲೆ ಈ ಕೆಲಸಕ್ಕೆ ಹೊಸ ಜೀವ ಬಂತು. ಹೆದ್ದಾರಿ, ರೈಲು, ಗಣಿ, ವಿದ್ಯುತ್ ಲೈನು ಎಲ್ಲದಕ್ಕೂ ಸರ್ವೇ ಬೇಕು. ಡ್ರೋನ್ ಹಾರಿಸಲು 2021ರ ಡ್ರೋನ್ ನಿಯಮಗಳ ಪ್ರಕಾರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕಾಗುತ್ತದೆ. ಇದನ್ನು ಎಂ.ಎಸ್ಸಿಯಲ್ಲಿ ಕೊಡುವುದಿಲ್ಲ, ಬೇರೆ ತರಬೇತಿ ಪಡೆಯಬೇಕು.

ಮೂರನೆಯದು ವಿಶ್ಲೇಷಣೆ. ಮಳೆ, ಬರ, ಅಂತರ್ಜಲ, ಬೆಳೆ ವಿಮೆ, ಕಾಡು, ನಗರ. ಯಲಹಂಕದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಳೆಯ ನಕ್ಷೆ ಬಿಡುತ್ತದಲ್ಲ, ಆ ಬಗೆಯ ಕೆಲಸ. ಬೆಂಗಳೂರಿನಲ್ಲಿ ಪರಿಸರ ಸಂಶೋಧನೆಯ ಏಟ್ರೀ, ನಗರಗಳ ಅಧ್ಯಯನದ ಐಐಎಚ್‌ಎಸ್ ತರಹದ ಸಂಸ್ಥೆಗಳಲ್ಲೂ, ಕ್ರಾಪಿನ್, ಸ್ಯಾಟ್‌ಶ್ಯೂರ್‌ನಂಥ ಕಂಪನಿಗಳಲ್ಲೂ ಇಂಥ ಜನ ಇರುತ್ತಾರೆ. ಇಲ್ಲಿ ನಕ್ಷೆ ಚೆನ್ನಾಗಿ ಬಿಡಿಸಿದರೆ ಸಾಲದು. ಈ ಹೊಲ ಯಾಕೆ ಕೆಂಪಾಗಿ ಕಾಣುತ್ತಿದೆ ಅಂದರೆ ಉತ್ತರ ಹೇಳಬೇಕು. ಕಟಾವಾಗಿದೆಯೋ, ಒಣಗಿದೆಯೋ, ಮೇಲೆ ಮೋಡದ ನೆರಳೋ? ಕೃಷಿ ಗೊತ್ತಿದ್ದವರು ಇಲ್ಲಿ ಗೆಲ್ಲುತ್ತಾರೆ.

ನಾಲ್ಕನೆಯದು ಸಾಫ್ಟ್‌ವೇರ್. ಇದರ ಬಗ್ಗೆ ಮುಂದೆ ಬೇರೆಯಾಗಿ ಹೇಳುತ್ತೇನೆ, ಸಂಬಳ ಜಾಸ್ತಿ ಇರುವುದು ಇಲ್ಲೇ.

ಇನ್ನು ಸರ್ಕಾರಿ ಕೆಲಸ. ‘ಜಿಐಎಸ್ ಓದಿದರೆ ಇಸ್ರೋ’ ಅಂತ ಮನೆಯಲ್ಲಿ ಹೇಳಿಕೊಂಡವರು ತುಂಬಾ ಜನ ಇದ್ದಾರೆ. ಸ್ವಲ್ಪ ನಿಧಾನ. ಇಸ್ರೋದ ದೊಡ್ಡ ವಿಜ್ಞಾನಿ ನೇಮಕಾತಿ ಮುಖ್ಯವಾಗಿ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಎಂಜಿನಿಯರುಗಳಿಗೆ. ಜಿಐಎಸ್ ಮಂದಿಗೆ ಇರುವ ಬಾಗಿಲು ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ (ಉಪಗ್ರಹ, ವಿಮಾನದಿಂದ ಭೂಮಿಯನ್ನು ಗಮನಿಸುವ) ಕೇಂದ್ರ, ಬೆಂಗಳೂರಿನಲ್ಲೂ ಇರುವ ಅದರ ಪ್ರಾದೇಶಿಕ ಕೇಂದ್ರಗಳು, ಡೆಹ್ರಾಡೂನಿನ ಐಐಆರ್‌ಎಸ್ (ಭಾರತೀಯ ದೂರ ಸಂವೇದಿ ಸಂಸ್ಥೆ). ಅಲ್ಲೂ ಬಹಳಷ್ಟು ಜನ ಒಳಗೆ ಹೋಗುವುದು ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಅಥವಾ ಪ್ರಾಜೆಕ್ಟ್ ಹುದ್ದೆಯಿಂದ. ಕೆಲವು ವರ್ಷದ ಕರಾರು ಅದು. ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರದಲ್ಲೂ ಪ್ರಾಜೆಕ್ಟ್ ಲೆಕ್ಕದ ಗುತ್ತಿಗೆ ಕೆಲಸಗಳೇ ಹೆಚ್ಚು. ಕಲಿಯಲು ಇವು ಒಳ್ಳೆಯ ಜಾಗಗಳು. ಕಾಯಂ ನೌಕರಿ ಅಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ಭೂಮಾಪನ ಇಲಾಖೆಯ ಸರ್ವೇಯರ್ ಹುದ್ದೆಗೆ ಕೇಳುವ ಅರ್ಹತೆಯೇ ಬೇರೆ, ಅದಕ್ಕೆ ಎಂ.ಎಸ್ಸಿ ಜಿಐಎಸ್ ಬೇಕಾಗಿಲ್ಲ.

ಎಂ.ಎಸ್ಸಿ: ಭೂಗೋಳವೋ, ಜಿಯೋಇನ್ಫರ್ಮ್ಯಾಟಿಕ್ಸೋ?

ಬಿ.ಎ ಅಥವಾ ಬಿ.ಎಸ್ಸಿ ಮುಗಿಸಿದವರ ಮುಂದೆ ಬರುವ ಮೊದಲ ಕವಲು ಇದು. ಜಿಯೋಇನ್ಫರ್ಮ್ಯಾಟಿಕ್ಸ್ ಅಂದರೆ ಜಿಐಎಸ್, ಉಪಗ್ರಹ ಚಿತ್ರ, ಸರ್ವೇ ಎಲ್ಲ ಸೇರಿದ ವಿಷಯ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗದ ಆಸರೆಯಲ್ಲಿ ಜಿಯೋಇನ್ಫರ್ಮ್ಯಾಟಿಕ್ಸ್ ಎಂ.ಎಸ್ಸಿ ಬೆಳೆದಿದೆ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಅದೇ ಹೆಸರಿನ ಕೋರ್ಸು ಪಂಚಾಯತಿ, ನೀರು, ಹಳ್ಳಿಯ ಯೋಜನೆಗಳ ನಡುವೆ ಇದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಭೂಗೋಳ ವಿಭಾಗದ ಜೊತೆಗೇ ಜಿಯೋಇನ್ಫರ್ಮ್ಯಾಟಿಕ್ಸ್ ಸೇರಿಕೊಂಡಿದೆ. ಹೆಸರು ಒಂದೇ ಆದರೂ ಒಳಗಿನ ಸರಕು ಒಂದೇ ಅಲ್ಲ ಅನ್ನುವುದನ್ನು ಗಮನಿಸಿ. ಭೂವಿಜ್ಞಾನದವರು ಕಲಿಸಿದರೆ ಕಲ್ಲು, ಕರಾವಳಿ, ಅಂತರ್ಜಲದ ಉದಾಹರಣೆ ಸಿಗುತ್ತವೆ. ಭೂಗೋಳದವರು ಕಲಿಸಿದರೆ ಜನಸಂಖ್ಯೆ, ಭೂಬಳಕೆ, ನಗರ. ಎರಡು ವರ್ಷ ನಿಮ್ಮ ತಲೆಯಲ್ಲಿ ತುಂಬಿಕೊಳ್ಳುವುದು ಆ ಉದಾಹರಣೆಗಳೇ.

ಹಾಗಾದರೆ ಶುದ್ಧ ಭೂಗೋಳದ ಎಂ.ಎಸ್ಸಿ ಓದಿ, ಅದರಲ್ಲಿ ಎರಡು ಮೂರು ಪತ್ರಿಕೆ ಜಿಐಎಸ್ ಇದ್ದರೆ ಸಾಕೇ? ಉಪನ್ಯಾಸಕರಾಗುವ ಆಸೆ ಇದ್ದರೆ ಖಂಡಿತ ಇದೇ ಸರಿ. ನೆಟ್ ಮತ್ತು ಕೆ-ಸೆಟ್ ಪರೀಕ್ಷೆಗಳಲ್ಲಿ ಭೂಗೋಳ ಒಂದು ವಿಷಯ. ಜಿಯೋಇನ್ಫರ್ಮ್ಯಾಟಿಕ್ಸ್ ಓದಿದವರು ಮುಂದೆ ‘ನಿಮ್ಮ ಪದವಿ ಭೂಗೋಳಕ್ಕೆ ಸಮಾನವೋ ಅಲ್ಲವೋ’ ಅಂತ ಕಚೇರಿಯಿಂದ ಕಚೇರಿಗೆ ಪತ್ರ ಹಿಡಿದು ಅಲೆಯಬೇಕಾಗಬಹುದು. ಕಾಲೇಜಿನಲ್ಲಿ ಪಾಠ ಮಾಡುವ ಯೋಚನೆ ಇದ್ದರೆ ಆ ತಲೆನೋವು ಯಾಕೆ? ಅದೇ ರೀತಿ, ಭೂವಿಜ್ಞಾನದ ಬಿ.ಎಸ್ಸಿ ಮಾಡಿದವರು ಭೂವಿಜ್ಞಾನದಲ್ಲೇ ಎಂ.ಎಸ್ಸಿ ಮಾಡಿದರೆ ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿಗಳ ಪರೀಕ್ಷೆಯ ಬಾಗಿಲು ತೆರೆದೇ ಇರುತ್ತದೆ. ಜಿಐಎಸ್ ಅನ್ನು ಪಕ್ಕದಲ್ಲಿ ಕಲಿಯಬಹುದು. ಭೂವಿಜ್ಞಾನವನ್ನು ಪಕ್ಕದಲ್ಲಿ ಕಲಿಯಲು ಆಗುವುದಿಲ್ಲ.

ಖಾಸಗಿ ಕಂಪನಿಯೇ ಗುರಿ ಅನ್ನುವವರಿಗೆ ಜಿಯೋಇನ್ಫರ್ಮ್ಯಾಟಿಕ್ಸ್ ಎಂ.ಎಸ್ಸಿ ಪರವಾಗಿಲ್ಲ. ಪುಣೆಯ ಸಿಂಬಯಾಸಿಸ್ ಜಿಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ ಈ ವಿಷಯಕ್ಕೇ ಮೀಸಲಾದದ್ದು, ಕಂಪನಿಗಳ ಒಡನಾಟ ಇದೆ. ಆದರೆ ಖಾಸಗಿ ಶುಲ್ಕ. ಸಾಲ ಮಾಡಿ ಹೋಗುವವರು ಒಂದು ಕೆಲಸ ಮಾಡಿ. ಕಳೆದ ವರ್ಷದ ವಿದ್ಯಾರ್ಥಿಗಳು ಯಾವ ಹುದ್ದೆಗೆ ಸೇರಿದರು ಅಂತ ಕೇಳಿ. ಕಂಪನಿಯ ಹೆಸರಲ್ಲ, ಹುದ್ದೆ. ದೊಡ್ಡ ಕಂಪನಿಯ ಹೆಸರಿನ ಕೆಳಗೆ ಡಿಜಿಟೈಸ್ ಮಾಡುವ ಗುತ್ತಿಗೆ ಕೆಲಸವೂ ಬರುತ್ತದೆ, ಎಂಜಿನಿಯರ್ ಕೆಲಸವೂ ಬರುತ್ತದೆ.

ಎಂ.ಟೆಕ್ ಯಾರಿಗೆ?

ಬಿ.ಇ ಮಾಡಿದವರಿಗೆ, ಅದರಲ್ಲೂ ಸಿವಿಲ್‌ನವರಿಗೆ ಇದು ಹತ್ತಿರದ ದಾರಿ. ಐಐಟಿ ಬಾಂಬೆಯಲ್ಲಿ ಸಿಎಸ್‌ಆರ್‌ಇ ಅನ್ನುವ ಕೇಂದ್ರ ಇದಕ್ಕೇ ಇದೆ. ರೂರ್ಕಿಯಲ್ಲಿ, ಕಾನ್ಪುರದಲ್ಲಿ ಸಿವಿಲ್ ವಿಭಾಗದೊಳಗೆ ಇದೆ. ವಾರಂಗಲ್ ಮತ್ತು ಅಲಹಾಬಾದಿನ ಎನ್‌ಐಟಿಗಳಲ್ಲೂ ಇದೆ. 2022ರಿಂದ ಗೇಟ್ ಪರೀಕ್ಷೆಯಲ್ಲಿ ಜಿಯೋಮ್ಯಾಟಿಕ್ಸ್ ಎಂಜಿನಿಯರಿಂಗ್ (ಸರ್ವೇ, ನಕ್ಷೆಯ ವಿದ್ಯೆ) ಅಂತಲೇ ಒಂದು ಪತ್ರಿಕೆ ಬಂದಿದೆ. ಮೊದಲಾದರೆ ಸಿವಿಲ್ ಪತ್ರಿಕೆಯನ್ನೇ ಬರೆದು ಕಾಂಕ್ರೀಟು, ಉಕ್ಕು ಎಲ್ಲ ಓದಬೇಕಿತ್ತು. ಗೇಟ್ ಅಂಕದ ಮೇಲೆ ಸೀಟು ಸಿಕ್ಕವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತದೆ. ಮನೆಯಿಂದ ದುಡ್ಡು ಕೇಳದೆ ಓದಬಹುದಾದ ದಾರಿ ಇದು, ಸಣ್ಣ ವಿಷಯ ಅಲ್ಲ.

ಕರ್ನಾಟಕದೊಳಗೆ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ಜೊತೆ ಸೇರಿ ವಿಟಿಯು ಜಿಯೋಇನ್ಫರ್ಮ್ಯಾಟಿಕ್ಸ್ ಎಂ.ಟೆಕ್ ನಡೆಸುತ್ತ ಬಂದಿದೆ. ಇದರ ಲಾಭ ಏನೆಂದರೆ ಪಾಠ ನಡೆಯುವ ಜಾಗದಲ್ಲೇ ರಾಜ್ಯದ ನಿಜವಾದ ನಕ್ಷೆ ಕೆಲಸ ನಡೆಯುತ್ತಿರುತ್ತದೆ. ಈ ವರ್ಷ ಪ್ರವೇಶ ತೆರೆದಿದೆಯೇ ಅಂತ ಮೊದಲು ವಿಚಾರಿಸಿಕೊಳ್ಳಿ.

ಡೆಹ್ರಾಡೂನಿನ ಐಐಆರ್‌ಎಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 1966ರಲ್ಲಿ ನೆದರ್‌ಲ್ಯಾಂಡ್ಸ್ ನೆರವಿನಿಂದ, ವಿಮಾನದಿಂದ ತೆಗೆದ ಫೋಟೋಗಳನ್ನು ಓದುವುದನ್ನು ಕಲಿಸಲು ಶುರುವಾದ ಸಂಸ್ಥೆ ಅದು. ಈಗ ಇಸ್ರೋದ ಭಾಗ. ಅಲ್ಲಿನ ಎಂ.ಟೆಕ್ ಆಂಧ್ರ ವಿಶ್ವವಿದ್ಯಾಲಯದ ಪದವಿ. ಅದರಲ್ಲಿ ಕಾಡು, ಕೃಷಿ, ನೀರು, ನಗರ, ಭೂವಿಜ್ಞಾನ ಹೀಗೆ ಕವಲುಗಳಿವೆ. ನಾನು ಮೇಲೆ ಹೇಳಿದ ‘ಇನ್ನೇನು ಗೊತ್ತು’ ಅನ್ನುವ ಪ್ರಶ್ನೆಯನ್ನು ಕೋರ್ಸಿನೊಳಗೇ ಕಟ್ಟಿಕೊಂಡಿರುವ ಕೆಲವೇ ಜಾಗಗಳಲ್ಲಿ ಇದು ಒಂದು. ಬಿ.ಇ ಅಲ್ಲದ, ಎಂ.ಎಸ್ಸಿ ಮುಗಿಸಿದವರಿಗೂ ಅವರ ವಿಷಯಕ್ಕೆ ತಕ್ಕ ಕವಲಿನಲ್ಲಿ ಅವಕಾಶ ಇರುತ್ತದೆ. ಎಂ.ಎಸ್ಸಿ ಸಸ್ಯಶಾಸ್ತ್ರ ಮಾಡಿ ಮುಂದೇನು ಅಂತ ಕೂತವರಿಗೆ ಇದನ್ನು ಧಾರಾಳವಾಗಿ ಹೇಳಬಹುದು.

ಪಿಯುಸಿ ಮುಗಿಸಿದ ಕೂಡಲೇ ಇದೇ ಬೇಕು ಅನ್ನುವವರಿಗೆ ಚೆನ್ನೈನ ಗಿಂಡಿಯಲ್ಲಿ ಅಣ್ಣಾ ವಿಶ್ವವಿದ್ಯಾಲಯದ ಬಿ.ಇ ಜಿಯೋಇನ್ಫರ್ಮ್ಯಾಟಿಕ್ಸ್ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಹದಿನೆಂಟಕ್ಕೇ ಇಷ್ಟು ಕಿರಿದಾದ ಬಾಗಿಲು ಬೇಡ. ಸಿವಿಲ್ ಅಥವಾ ಕಂಪ್ಯೂಟರ್ ಸೈನ್ಸ್ ಮಾಡಿ ಬಂದರೆ ಹಿಂತಿರುಗಲು ಜಾಗ ಇರುತ್ತದೆ.

ಡಿಪ್ಲೊಮಾ, ಸರ್ಟಿಫಿಕೇಟ್, ಉಚಿತ ಕೋರ್ಸುಗಳು

ಇಲ್ಲಿ ಹುಷಾರಾಗಿರಿ. ‘ಮೂರು ತಿಂಗಳಲ್ಲಿ ಜಿಐಎಸ್ ಎಕ್ಸ್‌ಪರ್ಟ್, ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂತ ಬೋರ್ಡು ಹಾಕಿದ ಜಾಗಗಳಲ್ಲಿ ಸಾಮಾನ್ಯವಾಗಿ ಕಲಿಸುವುದು ಸಾಫ್ಟ್‌ವೇರಿನ ಬಟನ್‌ಗಳನ್ನು. ಬಟನ್‌ಗಳು ಮುಂದಿನ ಆವೃತ್ತಿಯಲ್ಲಿ ಬದಲಾಗುತ್ತವೆ. ಆರ್ಕ್‌ಮ್ಯಾಪ್ ಎಂಬ ಹಳೆಯ ನಕ್ಷೆ ಸಾಫ್ಟ್‌ವೇರ್ ಕಲಿತಿದ್ದವರೆಲ್ಲ ಅದೇ ಕಂಪನಿಯ ಹೊಸ ಆರ್ಕ್‌ಜಿಐಎಸ್ ಪ್ರೊಗೆ ಬಂದಾಗ ಮತ್ತೆ ಹುಡುಕಾಡಬೇಕಾಯಿತು.

ದುಡ್ಡು ಕೊಡುವ ಮೊದಲು ದುಡ್ಡಿಲ್ಲದೆ ಸಿಗುವುದನ್ನು ಮುಗಿಸಿ. ಐಐಆರ್‌ಎಸ್ ಆನ್‌ಲೈನ್ ಕೋರ್ಸುಗಳನ್ನು ಉಚಿತವಾಗಿ ನಡೆಸುತ್ತದೆ, ಸರ್ಟಿಫಿಕೇಟ್ ಕೂಡ ಕೊಡುತ್ತದೆ. ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಐಐಟಿ ರೂರ್ಕಿಯ ಪಾಠಗಳಿವೆ. ಇಗ್ನೋದಲ್ಲಿ ದೂರಶಿಕ್ಷಣದ ಜಿಯೋಇನ್ಫರ್ಮ್ಯಾಟಿಕ್ಸ್ ಕೋರ್ಸುಗಳಿವೆ, ಕೆಲಸದಲ್ಲಿದ್ದುಕೊಂಡೇ ಓದುವವರಿಗೆ ಅನುಕೂಲ. ಹೈದರಾಬಾದಿನ ಉಪ್ಪಲ್‌ನಲ್ಲಿ ಸರ್ವೇ ಆಫ್ ಇಂಡಿಯಾದ ತರಬೇತಿ ಸಂಸ್ಥೆ ಇದೆ. ಬಯಲಿನ ಸರ್ವೇ ಗಂಭೀರವಾಗಿ ಕಲಿಯಬೇಕು ಅನ್ನುವವರು ಅದರ ಕೋರ್ಸುಗಳ ಪಟ್ಟಿ ನೋಡಿ.

ಡಿಪ್ಲೊಮಾ ಯಾರಿಗೆ ಸರಿ ಅಂದರೆ, ಈಗಾಗಲೇ ಒಂದು ವೃತ್ತಿ ಇರುವವರಿಗೆ. ಅರಣ್ಯ ಇಲಾಖೆಯಲ್ಲಿ, ಕೃಷಿ ಇಲಾಖೆಯಲ್ಲಿ, ನಗರ ಯೋಜನೆಯಲ್ಲಿ ಇದ್ದವರಿಗೆ ಒಂದು ವರ್ಷದ ಕಲಿಕೆ ಸಾಕು, ‘ಇನ್ನೇನು’ ಅವರ ಬಳಿ ಮೊದಲೇ ಇದೆ. ಆಗ ತಾನೇ ಬಿ.ಎ ಮುಗಿಸಿದವರಿಗೆ ಬರೀ ಡಿಪ್ಲೊಮಾ ಡಿಜಿಟೈಸ್ ಮಾಡುವ ಕುರ್ಚಿಯವರೆಗೆ ಮಾತ್ರ ಕರೆದೊಯ್ಯುತ್ತದೆ.

ಕಂಪ್ಯೂಟರ್ ಸೈನ್ಸ್ ಕಡೆಯಿಂದ ಬರುವ ದಾರಿ

ಜಿಐಎಸ್ ವಿಭಾಗದವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಬೆಂಗಳೂರಿನಲ್ಲಿ ಈ ಕ್ಷೇತ್ರದ ಒಳ್ಳೆಯ ಸಂಬಳದ ಕೆಲಸಗಳಲ್ಲಿ ದೊಡ್ಡ ಪಾಲು ಜಿಐಎಸ್ ಪದವಿ ಕೇಳುವುದಿಲ್ಲ. ಕೋಡ್ ಕೇಳುತ್ತದೆ. 2024ರಲ್ಲಿ ಓಲಾ ಗೂಗಲ್ ಮ್ಯಾಪ್ಸ್ ಬಿಟ್ಟು ತನ್ನದೇ ನಕ್ಷೆಗೆ ಹೊರಳಿತು. ಅಂಥ ಕೆಲಸಕ್ಕೆ ಬೇಕಾದದ್ದು ದಾರಿ ಹುಡುಕುವ ಅಲ್ಗಾರಿದಮ್, ದೊಡ್ಡ ಡೇಟಾಬೇಸ್, ವೇಗದ ಸರ್ವರ್ ಗೊತ್ತಿರುವವರು. ಬೆಂಗಳೂರಿನ ಪಿಕ್ಸೆಲ್, ಗ್ಯಾಲಕ್ಸ್‌ಐನಂಥ ಕಂಪನಿಗಳು ಉಪಗ್ರಹಗಳನ್ನೇ ಕಟ್ಟುತ್ತಿವೆ. ಅಲ್ಲಿ ಚಿತ್ರಗಳನ್ನು ಸಂಸ್ಕರಿಸುವವರಿಗೆ ಪೈಥಾನ್ ಬರಲೇಬೇಕು.

ಬಿ.ಇ ಕಂಪ್ಯೂಟರ್ ಸೈನ್ಸ್ ಅಥವಾ ಬಿಸಿಎ ಮಾಡಿದವರು ಇನ್ನೊಂದು ಪದವಿ ತೆಗೆಯಬೇಕಿಲ್ಲ. ನಕ್ಷೆ ದತ್ತಾಂಶದ ಡೇಟಾಬೇಸ್‌ಗೆ ಪೋಸ್ಟ್‌ಜಿಐಎಸ್, ಕಡತಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ತರಲು ಜಿಡಾಲ್, ಪೈಥಾನ್‌ನಲ್ಲಿ ವಿಶ್ಲೇಷಣೆಗೆ ಜಿಯೋಪಾಂಡಾಸ್, ವೆಬ್ ನಕ್ಷೆಗೆ ಲೀಫ್‌ಲೆಟ್ ಅಥವಾ ಮ್ಯಾಪ್‌ಲಿಬ್ರೆ. ಇವೆಲ್ಲ ಉಚಿತ. ಕೂತು ಕಲಿತರೆ ಆಯಿತು. ಆದರೆ ಈ ಕಡೆಯಿಂದ ಬಂದವರ ಒಂದು ಕೊರತೆ ನನಗೆ ಪದೇ ಪದೇ ಕಾಣುತ್ತದೆ. ಭೂಮಿ ಚಪ್ಪಟೆ ಅಲ್ಲ ಅನ್ನುವುದು ಅವರ ಕೋಡಿಗೆ ಗೊತ್ತಿರುವುದಿಲ್ಲ! ಅಕ್ಷಾಂಶ ರೇಖಾಂಶಗಳನ್ನು ಗ್ರಾಫಿನ ಎಕ್ಸ್, ವೈ ಅಂದುಕೊಂಡು ದೂರ ಲೆಕ್ಕ ಹಾಕಿಬಿಡುತ್ತಾರೆ. ಅದನ್ನು ತಿದ್ದಿಕೊಂಡರೆ ಅವರನ್ನು ಹಿಡಿಯೋರಿಲ್ಲ.

ಕಾಲೇಜನ್ನು ಪರೀಕ್ಷಿಸಲು ಕೋಲಾರದ ಪ್ರಶ್ನೆ

ಈಗ ಕಾಲೇಜಿನ ವಿಷಯಕ್ಕೆ ಬರೋಣ. ಕಟ್ಟಡ, ರ‍್ಯಾಂಕಿಂಗ್, ಕರಪತ್ರ ನೋಡಬೇಡಿ. ಅಲ್ಲಿ ಕೊನೆಯ ವರ್ಷ ಓದುತ್ತಿರುವ ಒಬ್ಬರನ್ನು ಹಿಡಿದು ಒಂದು ಪ್ರಶ್ನೆ ಕೇಳಿ: ಬೆಂಗಳೂರು ಮತ್ತು ಕೋಲಾರ ಎರಡೂ ಒಂದೇ ಯುಟಿಎಂ ವಲಯದಲ್ಲಿವೆಯೇ?

ಇಲ್ಲ. ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಕತ್ತರಿಸಿದ್ದಾರೆ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ 43ನೇ ವಲಯ, 78ರಿಂದ 84ರವರೆಗೆ 44ನೇ ವಲಯ. ಬೆಂಗಳೂರು 77.6ರ ಹತ್ತಿರ ಇದೆ. ಕೋಲಾರ 78.1. ಅಂದರೆ ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವಾಗ ದಾರಿಯಲ್ಲೇ ವಲಯ ಬದಲಾಗುತ್ತದೆ. ರಾಜ್ಯದ ಹೆಚ್ಚಿನ ಭಾಗ 43ರಲ್ಲಿದೆ ಅಂತ ಎಲ್ಲವನ್ನೂ ಕಣ್ಣುಮುಚ್ಚಿ 43 ಅಂತ ಗುರುತು ಹಾಕಿದರೆ ಏನಾಗುತ್ತದೆ ಗೊತ್ತಾ? 44ರ ಲೆಕ್ಕದಲ್ಲಿ ಅಳೆದ ಕೋಲಾರದ ಕೆರೆ ಆರು ಡಿಗ್ರಿ ಪಶ್ಚಿಮಕ್ಕೆ ಹಾರಿ, ಮಂಗಳೂರನ್ನೂ ದಾಟಿ ಅರಬ್ಬೀ ಸಮುದ್ರದ ನಡುವೆ ಬೀಳುತ್ತದೆ. ಸಮುದ್ರಕ್ಕೆ ಬಿದ್ದರೆ ವಾಸಿ, ಕಣ್ಣಿಗೆ ಕಾಣುತ್ತದೆ. ಕಾಣದ ತಪ್ಪುಗಳೇ ಹೆಚ್ಚು ಅಪಾಯ.

ಅಂಥದ್ದು ಒಂದು ಹಳೆಯ ಟೋಪೋಶೀಟುಗಳಲ್ಲಿದೆ, ಅಂದರೆ ಸರ್ವೇ ಆಫ್ ಇಂಡಿಯಾದ ಹಳೆಯ ಭೂಲಕ್ಷಣ ನಕ್ಷೆಗಳಲ್ಲಿ. ಅವು ಭೂಮಿಯ ಆಕಾರದ ಎವರೆಸ್ಟ್ ಅನ್ನುವ ಹಳೆಯ ಲೆಕ್ಕದ ಆಧಾರದ ಮೇಲೆ ತಯಾರಾದವು. ಇವತ್ತಿನ ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84. ಎರಡನ್ನೂ ಹಾಗೇ ಒಂದರ ಮೇಲೊಂದು ಹಾಕಿದರೆ ನಮ್ಮ ಕಡೆ ನೂರು ಮೀಟರ್‌ಗೂ ಹೆಚ್ಚು ಸರಿದು ಕೂರುತ್ತದೆ. ನೋಡಲು ಎಲ್ಲ ಸರಿಯಾಗಿಯೇ ಇರುತ್ತದೆ. ಕೆರೆ ಮಾತ್ರ ಪಕ್ಕದವರ ತೋಟದಲ್ಲಿರುತ್ತದೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಬಂದ ಓಪನ್ ಸೀರೀಸ್ ನಕ್ಷೆಗಳು ಡಬ್ಲ್ಯೂಜಿಎಸ್ 84ರಲ್ಲಿವೆ. ಆದರೆ ಕಚೇರಿಗಳ ಬೀರುವಿನಲ್ಲಿ ಹಳೆಯವೂ ಇವೆ.

ಹೊಸಬರ ಸಂದರ್ಶನದಲ್ಲಿ ನಾನು ಕೇಳುವ ಇನ್ನೊಂದು ಲೆಕ್ಕ ಗುಂಟೆಯದ್ದು. ನಮ್ಮಲ್ಲಿ ಸರ್ವೇ ಸರಪಳಿ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಗೆ 16 ಆಣೆ. ಈಗ 1,089 ಚದರ ಅಡಿಯನ್ನು ಮೀಟರಿಗೆ ತಂದರೆ ಸುಮಾರು 101 ಚದರ ಮೀಟರ್. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಒಂದು ಪಿಕ್ಸೆಲ್ (ಚಿತ್ರದ ಅತಿ ಸಣ್ಣ ಚೌಕ) 10 ಮೀಟರ್ ಉದ್ದಗಲ, ಅಂದರೆ 100 ಚದರ ಮೀಟರ್. ಹೆಚ್ಚೂಕಮ್ಮಿ ಒಂದು ಪಿಕ್ಸೆಲ್ ಒಂದು ಗುಂಟೆ! ಅಮೆರಿಕದ ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್ ಸುಮಾರು ಒಂಬತ್ತು ಗುಂಟೆ. ಇಷ್ಟು ಗೊತ್ತಿದ್ದವರು, ಹತ್ತು ಗುಂಟೆಯ ಹಿಡುವಳಿಯಲ್ಲಿ ಬೆಳೆ ಯಾವುದೆಂದು ಲ್ಯಾಂಡ್‌ಸ್ಯಾಟ್‌ನಿಂದ ಹೇಳುತ್ತೇನೆ ಅಂತ ಪ್ರಾಜೆಕ್ಟ್ ವರದಿಯಲ್ಲಿ ಬರೆಯುವುದಿಲ್ಲ. ಬರೆದವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಈ ಪ್ರಶ್ನೆಗಳಿಗೆ ವಿದ್ಯಾರ್ಥಿ ತಕ್ಷಣ ಉತ್ತರ ಹೇಳಿದರೆ ಆ ವಿಭಾಗದಲ್ಲಿ ಪಾಠ ನಡೆಯುತ್ತಿದೆ ಅಂತ ಅರ್ಥ. ‘ಸಾಫ್ಟ್‌ವೇರೇ ನೋಡಿಕೊಳ್ಳುತ್ತೆ ಸರ್’ ಅಂದರೆ ಬೇರೆ ಕಾಲೇಜು ನೋಡಿ. ಸಿಲಬಸ್ಸಿನಲ್ಲಿ ಪೈಥಾನ್ ಮತ್ತು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಇದೆಯೇ, ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಹೊರಗಿನ ಸಂಸ್ಥೆಯಲ್ಲಿ ಮಾಡಲು ಬಿಡುತ್ತಾರೆಯೇ, ಬಯಲಿಗೆ ಕರೆದೊಯ್ಯುತ್ತಾರೆಯೇ ಅನ್ನುವುದನ್ನೂ ಅದೇ ಉಸಿರಿನಲ್ಲಿ ಕೇಳಿಬಿಡಿ.

ಆರ್ಕ್‌ಜಿಐಎಸ್ಸೋ, ಕ್ಯೂಜಿಐಎಸ್ಸೋ?

ಬೇಡದ ಜಗಳ ಇದು. ಎಸ್ರಿ ಕಂಪನಿಯ ಆರ್ಕ್‌ಜಿಐಎಸ್ ದುಬಾರಿ. ಸರ್ಕಾರಿ ಕಚೇರಿ ಮತ್ತು ದೊಡ್ಡ ಕಂಪನಿಗಳಲ್ಲಿ ಅದೇ ಇರುತ್ತದೆ. 2002ರಲ್ಲಿ ಶುರುವಾದ ಕ್ಯೂಜಿಐಎಸ್ ಉಚಿತ, ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮನೆಯಲ್ಲಿ ಕ್ಯೂಜಿಐಎಸ್‌ನಲ್ಲಿ ಕಲಿಯಿರಿ, ಕಾಲೇಜಿನ ಲ್ಯಾಬಿನಲ್ಲಿ ಆರ್ಕ್‌ಜಿಐಎಸ್ ಸಿಕ್ಕರೆ ಕೈ ಆಡಿಸಿಕೊಳ್ಳಿ. ಒಂದು ಬಂದವರಿಗೆ ಇನ್ನೊಂದು ಬೇಗ ಬರುತ್ತದೆ. ಕಳ್ಳ ಪ್ರತಿ ಹಾಕಿಕೊಂಡು ಅಭ್ಯಾಸ ಮಾಡುವ ಕಾಲ ಮುಗಿಯಿತು.

ಹೊರದೇಶ

ನೆದರ್‌ಲ್ಯಾಂಡ್ಸ್‌ನ ಎನ್‌ಶೆಡೆಯಲ್ಲಿರುವ ಐಟಿಸಿ ಈ ವಿದ್ಯೆಯ ಹಳೆಯ ಮನೆ. 1950ರಲ್ಲಿ ಶುರುವಾಗಿ, ಈಗ ಟ್ವೆಂಟೆ ವಿಶ್ವವಿದ್ಯಾಲಯದ ಭಾಗವಾಗಿದೆ. ಡೆಹ್ರಾಡೂನಿನ ಸಂಸ್ಥೆಗೆ ಬೀಜ ಹಾಕಿದ್ದು ಇದೇ. ದುಡ್ಡಿನ ಯೋಚನೆ ಇರುವವರು ಯುರೋಪಿನ ಎರಾಸ್ಮಸ್ ಮುಂಡಸ್ ಕೋರ್ಸುಗಳನ್ನು ನೋಡಿ. ಜರ್ಮನಿಯ ಮ್ಯೂನ್‌ಸ್ಟರ್, ಪೋರ್ಚುಗಲ್‌ನ ಲಿಸ್ಬನ್, ಸ್ಪೇನ್‌ನ ಕಾಸ್ತೆಯೋನ್ ಮೂರೂ ಸೇರಿ ನಡೆಸುವ ಜಿಯೋಸ್ಪೇಷಿಯಲ್ ಟೆಕ್ನಾಲಜೀಸ್ ಅಂಥದ್ದೊಂದು. ಸಾಲ್ಜ್‌ಬರ್ಗ್ ಮುಂದಾಳಾಗಿರುವ ಕೊಪರ್ನಿಕಸ್ ಮಾಸ್ಟರ್ ಇನ್ನೊಂದು. ವಿದ್ಯಾರ್ಥಿವೇತನ ಸಿಕ್ಕರೆ ಹೋಗಿ. ಸಿಗದಿದ್ದರೆ, ದೊಡ್ಡ ಸಾಲ ಮಾಡಿ ಬರೀ ಜಿಐಎಸ್ ಪದವಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಹೊರಗೆ ಬಹಳಷ್ಟು ಜಿಐಎಸ್ ಕೆಲಸಗಳು ನಗರಸಭೆಗಳಲ್ಲಿ, ಸರ್ಕಾರಗಳಲ್ಲಿ ಇರುತ್ತವೆ. ಅಲ್ಲಿ ಸ್ಥಳೀಯ ಭಾಷೆ, ಪೌರತ್ವ ಕೇಳುವುದು ಸಾಮಾನ್ಯ.

ನೀವು ಯಾರು ಅನ್ನುವುದರ ಮೇಲೆ

ಬಿ.ಎ ಭೂಗೋಳ ಮಾಡಿ, ಗಣಿತ ಅಂದರೆ ಹಿಂಜರಿಕೆ ಇರುವವರು: ಎಂ.ಎ ಅಥವಾ ಎಂ.ಎಸ್ಸಿ ಭೂಗೋಳ ತೆಗೆದುಕೊಳ್ಳಿ, ಅದರಲ್ಲಿ ಜಿಐಎಸ್ ಪತ್ರಿಕೆ ಆರಿಸಿ, ಜೊತೆಗೆ ನೆಟ್‌ಗೆ ಓದಿ. ಎಸ್‌ಕ್ಯೂಎಲ್ ಒಂದನ್ನಾದರೂ ಕಲಿಯಿರಿ. ಪೈಥಾನ್‌ಗಿಂತ ಸುಲಭ, ಭಯ ಬೇಡ.

ಬಿ.ಎಸ್ಸಿ ಕೃಷಿ, ಅರಣ್ಯ ಮಾಡಿದವರು ನಿಮ್ಮ ವಿಷಯ ಬಿಟ್ಟು ಬರಬೇಡಿ. ಅದರಲ್ಲೇ ಸ್ನಾತಕೋತ್ತರ ಮಾಡಿ, ಪ್ರಬಂಧಕ್ಕೆ ಉಪಗ್ರಹ ಚಿತ್ರ ಬಳಸಿ. ಬೆಳೆ ವಿಮೆ, ಕೃಷಿ ಸಾಲದ ಕಂಪನಿಗಳು ನಿಮ್ಮನ್ನೇ ಹುಡುಕುತ್ತಿರುತ್ತವೆ.

ಸಿವಿಲ್ ಬಿ.ಇ ಆಗಿದ್ದು ಗೇಟ್ ಬರೆಯುವ ಶಕ್ತಿ ಇದ್ದರೆ ಎಂ.ಟೆಕ್, ಎರಡನೇ ಯೋಚನೆ ಬೇಡ. ಕಂಪ್ಯೂಟರ್ ಸೈನ್ಸ್‌ನವರು ಕೆಲಸಕ್ಕೆ ಸೇರಿ, ಸಂಜೆ ಹೊತ್ತು ಪೋಸ್ಟ್‌ಜಿಐಎಸ್ ಕಲಿಯಿರಿ.

ಯಾವುದೇ ದಾರಿ ಹಿಡಿದರೂ ಪದವಿ ಮುಗಿಯುವುದರೊಳಗೆ ತೋರಿಸಲು ನಿಮ್ಮದೇ ಒಂದು ಕೆಲಸ ಇರಲಿ. ನಿಮ್ಮ ತಾಲ್ಲೂಕಿನ ಕೆರೆಗಳನ್ನೇ ತೆಗೆದುಕೊಳ್ಳಿ. ಸೆಂಟಿನೆಲ್-2 ಚಿತ್ರಗಳು ಉಚಿತ, 2015ರಿಂದ ಇವೆ. ಮಳೆಗಾಲ ಮುಗಿದ ಮೇಲಿನ ನೀರಿನ ಹರವನ್ನು ವರ್ಷವರ್ಷಕ್ಕೂ ಅಳೆದು, ವೆಬ್ ನಕ್ಷೆ ಮಾಡಿ, ಕೋಡ್ ಸಮೇತ ಗಿಟ್‌ಹಬ್‌ಗೆ (ಕೋಡ್ ಹಂಚಿಕೊಳ್ಳುವ ತಾಣ) ಹಾಕಿ. ಎರಡು ಮೂರು ಕೆರೆಗಳಿಗೆ ಹೋಗಿ ಅಂಚಿನಲ್ಲಿ ನಡೆದು ಸರಿಯಿದೆಯೇ ನೋಡಿಕೊಂಡು ಬನ್ನಿ. ಎಲ್ಲಿ ತಪ್ಪಾಯಿತು ಅಂತಲೂ ಬರೆಯಿರಿ, ಜೊಂಡು ಬೆಳೆದ ಕೆರೆಯನ್ನು ಉಪಗ್ರಹ ಹುಲ್ಲುಗಾವಲು ಅಂದುಕೊಳ್ಳುವುದು ಸಾಮಾನ್ಯ. ಸಂದರ್ಶನಕ್ಕೆ ಕರೆದವರು ಅಂಕಪಟ್ಟಿಗಿಂತ ಮೊದಲು ಇದನ್ನು ತೆರೆಯುತ್ತಾರೆ.

ಇನ್ನೊಂದು ಗುಂಪು ಉಳಿದಿದೆ. ಪರವಾನಗಿ ಭೂಮಾಪಕರಾಗಿ ಈಗಾಗಲೇ ಪೋಡಿ, ಹದ್ದುಬಸ್ತು, 11-ಇ ನಕ್ಷೆ ಅಂತ ಓಡಾಡುತ್ತಿರುವವರು. ನಿಮಗೆ ಹೊಸ ಡಿಗ್ರಿ ಬೇಕಿಲ್ಲ. ಟಿಪ್ಪಣಿ, ಆಕಾರಬಂದ್‌ನಂಥ ಹಳೆಯ ಸರ್ವೇ ದಾಖಲೆ ಓದಲು ಬರುವ ಜನ ಜಿಐಎಸ್ ಕಂಪನಿಗಳಲ್ಲಿ ಬಹಳ ಕಡಿಮೆ. ಗ್ರಾಮ ನಕ್ಷೆ ಉಪಗ್ರಹ ಚಿತ್ರಕ್ಕೆ ಯಾಕೆ ಹೊಂದುತ್ತಿಲ್ಲ ಅಂತ ಎಂ.ಟೆಕ್ ಮಾಡಿದವರು ತಲೆ ಕೆರೆದುಕೊಳ್ಳುವಾಗ, ಗಡಿ ಕಲ್ಲು ಎಲ್ಲಿತ್ತು ಅಂತ ಹೇಳಬಲ್ಲವರು ನೀವು. ಕ್ಯೂಜಿಐಎಸ್‌ನಲ್ಲಿ ನಕ್ಷೆಯನ್ನು ಜಾಗಕ್ಕೆ ಕೂರಿಸುವುದು, ರೋವರಿನ ದತ್ತಾಂಶ ಇಳಿಸಿಕೊಳ್ಳುವುದು, ಡ್ರೋನ್ ಚಿತ್ರ ಜೋಡಿಸುವುದು, ಈ ಮೂರನ್ನು ಐಐಆರ್‌ಎಸ್‌ನ ಉಚಿತ ಪಾಠಗಳಿಂದ ಶುರು ಮಾಡಿ. ಈಗ ಕೈಯಲ್ಲಿರುವ ಒಂದು ಸರ್ವೇ ನಂಬರನ್ನೇ ಅಭ್ಯಾಸಕ್ಕೆ ಇಟ್ಟುಕೊಳ್ಳಿ.